ಖಂಡೆ ಪೂಜೆಯ ಹೊಸ ಟೈರು

ಹೋದ ವಾರ ಮುದ್ದೇಬಿಹಾಳದಲ್ಲಿ ನನ್ನ ಬೈಕಿಗೆ ಹೊಸ ಟೈರು ಹಾಕಿಸಿದೆ. ಆ ಹಸಿ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಕಾಕು ಕಣ್ಣ ಮುಂದೆ ಬಂದಳು... ಕೆನ್ನೆಯ ಮೇಲೆ ಐದೂ ಬೆರಳು ಮೂಡಿದ್ದ ಕಾಕು.

ಮೊದಲು ಆಕೆಯ ಗಂಡ ಕಾಕಾನ ಸುದ್ದಿ ಹೇಳಬೇಕು. ತೊಗರಿ ವ್ಯಾಪಾರಕ್ಕೆ ಊರೂರು ತಿರುಗುವ ಆಸಾಮಿ, ಮೂಗಿನ ತುದಿಯಲ್ಲೇ ಸಿಟ್ಟು. ತಂಗಡಗಿ ರಸ್ತೆಯ ತಿರುವಿನಲ್ಲಿ ಮೊಣಕಾಲು ನೆಲಕ್ಕೆ ತಾಗುವಷ್ಟು ಬೈಕು ಮಲಗಿಸಿ ಹೊಡೆಯುತ್ತಿದ್ದ. ಅದಕ್ಕೇ ಟೈರು ಆರಿಸುವುದರಲ್ಲಿ ಭಾರಿ ಹಟ. ರಬ್ಬರಿನಲ್ಲಿ ಹೆಬ್ಬೆರಳಿನ ಉಗುರು ಊರಿ ನೋಡುತ್ತಿದ್ದ. "ಬಿರುಸ ಟೈರ್ ಭಾಳ ದಿನಾ ಬಾಳ್ತೈತಿ, ಆದ್ರ ತಿರುವಿನ್ಯಾಗ ಜೀವಾ ತಗೊತೈತಿ. ಮೆತ್ತಂದು ಕೊಡು," ಅನ್ನುತ್ತಿದ್ದ. ಒಮ್ಮೆ ಅಂಗಡಿಯವನು ಒಣಗಿ ಬಿರುಸಾದ ಹಳೇ ಮಾಲು ಕೊಟ್ಟಾಗ, ಅದನ್ನು ಕೊಡಲಿಯಿಂದ ಕಡಿದು ಅವನ ಅಂಗಡಿ ಮುಂದೆಯೇ ಒಗೆದು ಬಂದಿದ್ದ. ಹೆದರಿದ ಅಂಗಡಿಯವನು ಮಹಾನವಮಿಯ ಹಿಂದಿನ ದಿನ ಮೆತ್ತಗಿನ ಟೈರು ತರಿಸಿ ತಾನೇ ಹಾಕಿಕೊಟ್ಟ.

ಮಹಾನವಮಿಗೆ ನಮ್ಮ ಕಡೆ ಖಂಡೆ ಪೂಜೆ, ಅಂದರೆ ಆಯುಧಪೂಜೆ. ಕುಡಗೋಲು, ಕೊಡಲಿಗಳ ಜೊತೆ ಬೈಕಿಗೂ ಕುಂಕುಮ, ಹೂವು. ಗಂಡನ ಗಾಡಿ ಓಣಿಗೆಲ್ಲ ಮಿಂಚಲಿ ಎಂದು ಕಾಕು ಹೊಸ ಟೈರುಗಳಿಗೆ ಕೊಬ್ಬರಿ ಎಣ್ಣೆ ತಿಕ್ಕಿದಳು, ನೆಲಕ್ಕೆ ತಾಗುವ ಭಾಗವನ್ನೂ ಬಿಡದೆ. ಸ್ನಾನ ಮುಗಿಸಿ ಬಂದ ಕಾಕಾ ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ ಹೊರಟ. ತಿರುವಿನಲ್ಲಿ ಗಾಡಿ ಮಲಗಿಸಿದ... ಅದು ಮತ್ತೆ ಏಳಲಿಲ್ಲ. ಮೈಲಿಗಲ್ಲಿಗೆ ತಲೆ ಬಡಿದು ಅಲ್ಲೇ ಹೋದ.

"ಟೈರ್ ಜಾರಿತು" ಎಂದು ನೋಡಿದವರು ಹೇಳಿದ್ದಷ್ಟೇ ಸಾಕಾಯಿತು. ಮರುದಿನ, ಊರೆಲ್ಲ ಬನ್ನಿ ಕೊಟ್ಟು ಅಪ್ಪಿಕೊಳ್ಳುವ ಹೊತ್ತಿನಲ್ಲಿ, ಕಾಕಾನ ತಮ್ಮ, ಮಂದಿ ಕಟ್ಟಿಕೊಂಡು, ಟೈರಿನ ಅಂಗಡಿಗೆ ನುಗ್ಗಿದ. ಕಬ್ಬಿಣದ ಸಲಾಕೆಯಿಂದ ಹೊಡೆದರು. ಅಂಗಡಿಯವನ ಹಲ್ಲು ಮುರಿದು ಬಾಯಿ ತುಂಬ ರಕ್ತ. ಬಿಡಿಸಲು ಹೋದ ನನ್ನನ್ನೂ ಗೋಡೆಗೆ ನೂಕಿದರು. ಇನ್ನೊಂದು ಏಟು ತಲೆಗೆ ಬಿದ್ದಿದ್ದರೆ ಆತ ಸಾಯುತ್ತಿದ್ದ. ಅಷ್ಟರಲ್ಲಿ ಕಾಕು ಓಡಿ ಬಂದಳು.

"ಬಿಡೋ ಅವನ್ನ! ಟೈರಿಗೆ ಎಣ್ಣಿ ಹಚ್ಚಿದಾಕಿ ನಾನು. ನಿಮ್ಮಣ್ಣನ್ನ ಕೊಂದಾಕಿ ನಾನು!"

ಮೈದುನ ಸಲಾಕೆ ಬಿಸಾಡಿ ಆಕೆಯ ಕೆನ್ನೆಗೆ ಬಾರಿಸಿದ. ಮತ್ತೆ ಕೈ ಎತ್ತಿದಾಗ ಅಡ್ಡ ಬಂದವನು ಅದೇ ಅಂಗಡಿಯವನು. "ಹಬ್ಬಕ್ಕ ಎಲ್ಲಾರೂ ಹಚ್ತಾರರಿ..." ಎಂದ, ರಕ್ತ ಉಗುಳುತ್ತ.

ಅಂದಿನಿಂದ ಪ್ರತಿ ಖಂಡೆ ಪೂಜೆಗೆ ಕಾಕು ಒಣಬಟ್ಟೆ ಹಿಡಿದು ಓಣಿಯಲ್ಲಿ ತಿರುಗುತ್ತಿದ್ದಳು. ಟೈರಿನ ಮೇಲೆ ಎಣ್ಣೆ ಕಂಡರೆ ಆ ಮನೆಯವರ ಏಳು ತಲೆಮಾರು ಜಾಲಾಡಿ, ತಾನೇ ಒರೆಸಿ ಹೋಗುತ್ತಿದ್ದಳು. ಆಕೆಗೆ ಹುಚ್ಚು ಎಂದವರೂ ಇದ್ದರು. ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಈ ಬೇಸಿಗೆಯಲ್ಲಿ ಕಾಕು ತೀರಿಕೊಂಡಳು. ಮೊನ್ನೆ ಖಂಡೆ ಪೂಜೆಗೆ ಓಣಿಯ ಟೈರುಗಳೆಲ್ಲ ಮಿರಿಮಿರಿ ಮಿಂಚುತ್ತಿದ್ದವು. ಬೈಯುವವರು ಯಾರೂ ಇರಲಿಲ್ಲ.