ಬಲಗೈಯವರ ಮನೆಯ ಎಡಗೈ

ನಾನು ಹುಟ್ಟಾ ಎಡಚ. ನಲವತ್ತು ದಾಟಿದ ಮೇಲೆ ಈ ಮಾತನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ, ಅದೂ ಬಲಗೈಯಲ್ಲಿ. ಬರೆಯುವುದು, ಉಣ್ಣುವುದು, ಚೆಂಡು ಎಸೆಯುವುದು ಎಲ್ಲವನ್ನೂ ಬಲಗೈಯಲ್ಲೇ ಮಾಡುತ್ತೇನೆ. ಯಾವುದನ್ನೂ ನೆಟ್ಟಗೆ ಮಾಡುವುದಿಲ್ಲ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ. ನಾನು ಎಸೆದ ಚೆಂಡು ಎಲ್ಲಿ ಬೀಳುತ್ತದೆಂದು ನನಗೂ ಗೊತ್ತಿರುವುದಿಲ್ಲ, ಚೆಂಡಿಗೂ ಗೊತ್ತಿರುವುದಿಲ್ಲ. ಇಂಥ ನಾನು ಟಿ. ನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರು. ದಿನಾ ನಂಜನಗೂಡಿನಿಂದ ಬಸ್ಸು ಹಿಡಿದು ಹೋಗಿ, ಮಕ್ಕಳಿಗೆ ಗುರಿಯಿಟ್ಟು ಎಸೆಯುವುದನ್ನು ಕಲಿಸಿ ಸಂಬಳ ತೆಗೆದುಕೊಳ್ಳುತ್ತೇನೆ.

ನನ್ನನ್ನು ಬಲಗೈಗೆ ತಿರುಗಿಸಿದವಳು ನಮ್ಮಜ್ಜಿ. ಮುದ್ದೆ ಮುರಿಯಲು ಎಡಗೈ ಚಾಚಿದರೆ ಸಾಕು, ಮಣಿಕಟ್ಟಿಗೆ ಸೌಟಿನ ಏಟು ಬೀಳುತ್ತಿತ್ತು. "ಬಲಗೈಯೋರ ಮನೇಲಿ ಉಟ್ಬುಟ್ಟು ಎಡಗೈಲಿ ಉಂಡಿಯೇನ್ಲಾ?" ಅನ್ನುತ್ತಿದ್ದಳು. ನಮ್ಮ ಕೇರಿಗಳಲ್ಲಿ ಎಡಗೈ, ಬಲಗೈ ಅಂದರೆ ಮೈಗೆ ಅಂಟಿದ ಕೈಗಳಷ್ಟೇ ಅಲ್ಲ, ಜಾತಿಯ ಪಂಗಡಗಳೂ ಹೌದು. ನಾವು ಬಲಗೈಯವರು. ಊರಿನವರು ಎರಡು ಕೈಯನ್ನೂ ಬಾವಿಯಿಂದ ದೂರ ಇಟ್ಟಿದ್ದ ಕಾಲದಲ್ಲೂ ನಮ್ಮಜ್ಜಿಗೆ ತಾನು ಬಲಗೈ ಅನ್ನುವ ಜಂಬ ತಗ್ಗಿರಲಿಲ್ಲ. ಆ ಜಂಬ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಸೌಟು ನೆನೆದರೆ ಮಾತ್ರ ನಗು ಬರುತ್ತದೆ.

ಹೋದ ವರ್ಷ ಮೈಸೂರಿನಲ್ಲಿ ನಮಗೆ ಎರಡು ದಿನ ತರಬೇತಿ ಇತ್ತು. ಸಣ್ಣ ಮಕ್ಕಳಿಗೆ ಆಟ ಕಲಿಸುವ ಮೊದಲು ಯಾವ ಮಗುವಿಗೆ ಯಾವ ಕೈ ಒಗ್ಗುತ್ತದೆಂದು ತಿಳಿದುಕೊಳ್ಳಿ, ಬಲವಂತ ಮಾಡಬೇಡಿ, ಮನೆಯವರನ್ನೂ ಕೇಳಿ ಎಂದು ಹೇಳಿದರು. ಈ ಮಾತನ್ನು ಮೂವತ್ತೈದು ವರ್ಷ ಮೊದಲು ಯಾರಾದರೂ ನಮ್ಮಜ್ಜಿಗೆ ಹೇಳಬಾರದಿತ್ತೇ ಅನ್ನಿಸಿತು. ಅದೇ ಹುಮ್ಮಸ್ಸಿನಲ್ಲಿ ಶಾಲೆಗೆ ಬಂದವನೇ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳ ಡೈರಿಯಲ್ಲಿ ನನ್ನ ಕೋಳಿಕಾಲಿನ ಅಕ್ಷರದಲ್ಲೇ ಬರೆದುಕೊಟ್ಟೆ: "ನಿಮ್ಮ ಮಗು ಎಡಗೈಯೋ, ಬಲಗೈಯೋ? ಬರೆದು ಸಹಿ ಮಾಡಿ ಕಳುಹಿಸಿ."

ಮರೆತದ್ದು ಒಂದೇ ವಿಷಯ. ಕೆಲವೇ ವಾರಗಳ ಹಿಂದೆ ನಾನೇ ಫೋನು ಹಿಡಿದುಕೊಂಡು ಅದೇ ಊರಿನಲ್ಲಿ ಮನೆಮನೆ ತಿರುಗಿ ಜಾತಿ ಗಣತಿ ಮಾಡಿದ್ದೆ. ಎಡಗೈಯೋ ಬಲಗೈಯೋ ಎಂದು ಆಗ ಕೇಳಿದ್ದೂ ಇದೇ ಬಾಯಿ.

ಮಾರನೆಯ ದಿನ ಡೈರಿಗಳು ವಾಪಸು ಬಂದವು. ಅರ್ಧಕ್ಕರ್ಧ ಮಕ್ಕಳು ಬಲಗೈ. "ಆಗಲೇ ಬರೆಸಿದ್ದೇವೆ, ಎಷ್ಟು ಸಲ ಬರೆಸುವುದು?" ಎಂದು ಒಬ್ಬರು ಕೇಳಿದ್ದರು. ಒಂದು ಡೈರಿಗೆ ಜಾತಿ ಸರ್ಟಿಫಿಕೇಟಿನ ಜೆರಾಕ್ಸನ್ನೇ ಪಿನ್ನು ಹೊಡೆದಿದ್ದರು. ಇನ್ನೊಂದರಲ್ಲಿ, "ನಾವು ಬೌದ್ಧರು. ಕೈ ಬಿಟ್ಟು ಎಂಟು ವರ್ಷವಾಯಿತು" ಎಂದಿತ್ತು. ಅದನ್ನು ಓದಿ ಸ್ಟಾಫ್ ರೂಮಿನಲ್ಲಿ ಒಬ್ಬನೇ ನಗುತ್ತಾ ಕೂತಿದ್ದಾಗ, ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನಿನ ಸಮೇತ ಒಬ್ಬ ಅಪ್ಪ ನೇರ ಒಳಗೇ ಬಂದರು.

"ಏನ್ಸಾ, ನಾವು ಗೌಡ್ರು. ನಮ್ಗೆ ಎಡಗೈ ಬಲಗೈ ಎಲ್ಬತ್ತದೆ? ಚೆಂಡಾಡ್ಸಕ್ಕೂ ಜಾತಿ ಬೇಕಾ ನಿಮ್ಗೆ?"

"ಕೈ ಸಾರ್, ಬರೀ ಕೈ," ಎಂದು ನಾನು ಎರಡೂ ಕೈಯನ್ನು ಮೇಲೆತ್ತಿ ತೋರಿಸಿದೆ. ಪೊಲೀಸರಿಗೆ ಸಿಕ್ಕಿಬಿದ್ದವನ ಹಾಗೆ ನಿಂತಿದ್ದ ನನ್ನನ್ನು ಹೆಡ್ ಮಿಸ್ ಬಾಗಿಲಲ್ಲೇ ನಿಂತು ನೋಡಿದರು. "ಬೇರೆ ಯಾರಾದ್ರೂ ಬರೆದಿದ್ರೆ ಗೊತ್ತಿಲ್ದೆ ಬರೆದ್ರು ಅನ್ಬೋದಿತ್ತು. ನಿಮ್ಗೂ ಗೊತ್ತಾಗ್ಲಿಲ್ವೇನ್ರೀ?" ಅಂದರು. ಡೈರಿಯ ಯೋಜನೆ ಅಲ್ಲಿಗೆ ಮುಗಿಯಿತು.

ಆದರೆ ಒಂದು ಡೈರಿ ನನ್ನನ್ನು ಬಿಡಲಿಲ್ಲ. ಎರಡನೇ ಕ್ಲಾಸಿನ ಒಬ್ಬ ಹುಡುಗಿಯದು. "ಬಲಗೈ" ಎಂದು ಯಾರಿಂದಲೋ ದಪ್ಪಗೆ ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ್ದರು. ಈ ಹುಡುಗಿ ಶಾಲೆಯ ಹಿಂದಿನ ಹುಣಸೆಮರಕ್ಕೆ ಕಲ್ಲು ಬೀಸುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಎಡಗೈಯಲ್ಲಿ ಒಂದು ಕಲ್ಲು, ಒಂದು ಕಾಯಿ. ಎರಡನೇ ಕಲ್ಲಿನ ಮಾತೇ ಇಲ್ಲ. ಅದೇ ಹುಡುಗಿ ಮೈದಾನಕ್ಕೆ ಬಂದು ಸಾಲಿನಲ್ಲಿ ನಿಂತು, ನಾನು "ಎಡಗಾಲು ಮುಂದೆ, ಬಲಗೈ ಹಿಂದೆ, ಎಸಿ!" ಎಂದು ಕೂಗಿದ ಕೂಡಲೇ ತನ್ನ ಕಾಲು ತಾನೇ ತೊಡರಿಕೊಂಡು ಬೀಳುತ್ತಿದ್ದಳು. ಆ ತಿಂಗಳ ಕೊನೆಗೆ ನರಸೀಪುರದ ಮೈದಾನದಲ್ಲಿ ಸುತ್ತಲಿನ ನಾಲ್ಕು ಶಾಲೆಯ ಚಿಕ್ಕ ಮಕ್ಕಳ ಆಟವಿತ್ತು. ಚೆಂಡೆಸೆತಕ್ಕೆ ಹೋಗಬೇಕೆಂದು ಅವಳಿಗೆ ಬಹಳ ಆಸೆ. "ಬಲಗೈ ಚೆನ್ನಾಗಿ ಕಲ್ತ್ಕೊಂಡ್ರೆ ಕರ್ಕೊಂಡೋಗ್ತೀರಾ ಸಾ?" ಎಂದು ದಿನಾ ಕೇಳುತ್ತಿದ್ದಳು. ಆ ಮಾತು ಕೇಳಿದಾಗೆಲ್ಲ ನನ್ನ ಮಣಿಕಟ್ಟು ನೋಯುತ್ತಿತ್ತು. ಹೆಸರನ್ನೇನೋ ಬರೆದುಕೊಂಡೆ. ಮನೆಗೇ ಹೋಗಿ ಮಾತಾಡುವುದೆಂದು ತೀರ್ಮಾನಿಸಿದೆ.

ಅವಳ ಅಪ್ಪ ಅಮ್ಮ ಇಬ್ಬರೂ ನಂಜನಗೂಡಿನ ಫ್ಯಾಕ್ಟರಿಗೆ ಹೋಗುವವರು. ಹಾಗಾಗಿ ಮನೆಗೆ ಅಜ್ಜಿಯೇ ಹೈಕೋರ್ಟು. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು.

"ನಾವು ಬಲಗೈಯೋರು ಕಣ್ ಮೇಷ್ಟ್ರೇ. ಗಣತೀಲಿ ನೀವೇ ಬರ್ಕೊಂಡೋದ್ರಲ್ಲ?"

"ಅಜ್ಜಿ, ನಾನು ಕೇಳಿದ್ದು ಮಗು ಕೈ."

"ಮಗು ಏನ್ ಬ್ಯಾರೆ ಜಾತಿಯಾ?"

ಹತ್ತು ನಿಮಿಷ ಬಿಡಿಸಿ ಹೇಳಿದ ಮೇಲೆ ಅಜ್ಜಿಗೆ ಅರ್ಥವಾಯಿತು. ಅರ್ಥವಾದದ್ದೇ ತಪ್ಪಾಯಿತು. "ಎಡಗೈಲಿ ಎಸಿಯಾದಾ? ನಾಳೆ ಎಡಗೈಲೇ ಉಂಡಾಳು, ಎಡಗೈಲೇ ನೆಂಟ್ರಿಗೆ ಕಾಪಿ ಕೊಟ್ಟಾಳು. ಬ್ಯಾಡಿ," ಎಂದು ಕಾಯಿ ಸುಲಿಯತೊಡಗಿದಳು.

ನನಗೆ ಒಂದು ಉಪಾಯ ಹೊಳೆಯಿತು. "ರೇಷನ್ ಅಂಗ್ಡೀಲಿ ಯಾವ ಬೆರಳು ಒತ್ತೀರಜ್ಜಿ?" ಎಂದು ಕೇಳಿದೆ. ಕಳೆ ಕಿತ್ತು, ಪಾತ್ರೆ ಉಜ್ಜಿ ಬಲಗೈ ಬೆರಳಿನ ಗೆರೆಗಳೆಲ್ಲ ಸವೆದುಹೋಗಿ, ಮೆಷಿನ್ನು ಆಕೆಯ ಎಡಗೈಯನ್ನು ಮಾತ್ರ ಒಪ್ಪುತ್ತದೆಂದು ಇಡೀ ಊರಿಗೆ ಗೊತ್ತಿತ್ತು.

"ಎಡಗೈದು."

"ಹಂಗಾದ್ರೆ ಮನೆಗೆ ಅಕ್ಕಿ ಬರ್ತಿರೋದು ಎಡಗೈಯಿಂದಲೇ ತಾನೇ?"

"ಆ ಮಿಸಿನ್ಗೆ ಬುದ್ಧಿ ಇಲ್ಲ, ನಿಮ್ಗೂ ಇಲ್ವಾ ಮೇಷ್ಟ್ರೇ?"

ಕೊನೆಗೆ ನನ್ನ ಕಥೆಯನ್ನೇ ಹೇಳಿದೆ. ನಾನೂ ಎಡಚ, ನಾನೂ ಬಲಗೈಯವರ ಮನೆಯವನು, ಸೌಟಿನ ಏಟು ತಿಂದವನು ಎಂದೆ. ಅಜ್ಜಿ ಕರಗಿಯಾಳು ಅಂದುಕೊಂಡಿದ್ದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದ್ಕೇ ಮೇಷ್ಟ್ರಾದ್ರಿ. ನಿಮ್ಮಜ್ಜಿ ಒಳ್ಳೇದೇ ಮಾಡವ್ಳೆ," ಎಂದು ಕೈಗೆ ಒಂದು ಹಿಡಿ ಅವರೆಕಾಳು ಹಾಕಿ ಕಳಿಸಿದಳು. ಅದನ್ನು ನಾನು ಅಪ್ಪಿತಪ್ಪಿ ಎಡಗೈಯಲ್ಲಿ ಈಸಿಕೊಂಡೆ. ಅದಕ್ಕೂ ಬೈಸಿಕೊಂಡೆ.

ಆಟದ ದಿನ ಅಜ್ಜಿ ಕಡ್ಲೆಪುರಿಯ ಚೀಲದೊಂದಿಗೆ ಮೈದಾನಕ್ಕೆ ಬಂದು ಹಗ್ಗದ ಪಕ್ಕದಲ್ಲೇ ಕೂತಳು. ಒಬ್ಬೊಬ್ಬರಿಗೆ ಮೂರು ಎಸೆತ. ಹುಡುಗಿ ಒಮ್ಮೆ ಅಜ್ಜಿಯನ್ನು ನೋಡಿ, ಚೆಂಡನ್ನು ಬಲಗೈಗೆ ತೆಗೆದುಕೊಂಡಳು. ಮೊದಲನೆಯದು ಅವಳ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಅಡ್ಡಕ್ಕೆ ಹೋಗಿ, ಅತಿಥಿಯಾಗಿ ಬಂದಿದ್ದ ಪಂಚಾಯಿತಿ ಮೆಂಬರರ ಟೀ ಲೋಟ ಉರುಳಿಸಿತು. ಜನ ನಕ್ಕರು. ಹುಡುಗಿ ಮತ್ತೆ ಅಜ್ಜಿಯ ಕಡೆ ನೋಡಿದಳು. ಹೋಗಿ ಚೆಂಡನ್ನು ಅವಳ ಎಡಗೈಗೆ ನಾನೇ ಇಟ್ಟುಬಿಡಬೇಕು ಅನ್ನಿಸಿತು. ಇಡುವ ಧೈರ್ಯ ಬರಲಿಲ್ಲ. ನನಗೂ ಅಜ್ಜಿಯ ಭಯ.

ಆಗ ಬೇರೆ ಶಾಲೆಯ ಮಗುವಿನ ತಾಯಿಯೊಬ್ಬಳು ಅಜ್ಜಿಯ ಪಕ್ಕದಲ್ಲೇ ನಿಂತು ಲೊಚಗುಟ್ಟಿದಳು. "ಅಯ್ಯೋ ಪಾಪ, ಆ ಕೂಸ್ಗೆ ಕೈ ಸ್ವಾಧೀನಿಲ್ವೇನೋ."

ಕಡ್ಲೆಪುರಿಯ ಚೀಲ ನೆಲಕ್ಕೆ ಬಿತ್ತು. "ಯಾರ್ಗಮ್ಮಿ ಕೈ ಸ್ವಾಧೀನಿಲ್ಲ?" ಎಂದು ಅಜ್ಜಿ ಎದ್ದುನಿಂತು ಹಗ್ಗ ಹಿಡಿದು ಕೂಗಿದಳು. "ಮೊಗಾ! ನಿನ್ ಕೈಲಿ ಎಸಿ!"

ಹುಡುಗಿಗೆ ಅರ್ಥವಾಗಲಿಲ್ಲ. ಎರಡೂ ಕೈ ಎತ್ತಿ ತೋರಿಸಿ, "ಯಾವ್ದಜ್ಜಿ?" ಅಂದಳು.

"ನಿಂದು ಕಣೇ! ನಿಂದ್ಯಾವ್ದೋ ಅದ್ರಲ್ಲಿ!"

ಅವಳು ಚೆಂಡನ್ನು ಎಡಗೈಗೆ ಬದಲಾಯಿಸಿದಳು. ಹುಣಸೆಮರದ ಕೆಳಗೆ ನಿಂತ ಹಾಗೆ ನಿಂತಳು. ಆಮೇಲೆ ಚೆಂಡು ಸುಣ್ಣದ ಗೆರೆಗಳನ್ನು ಒಂದೊಂದಾಗಿ ದಾಟಿಕೊಂಡು ಹೋಯಿತು. ಎರಡನೇ ಬಹುಮಾನ, ಒಂದು ಸ್ಟೀಲ್ ಲೋಟ. "ಇದ್ರಲ್ಲಿ ನೀರ್ ಕುಡಿಯಾದ್ ಮಾತ್ರ ಬಲಗೈಲಿ," ಎಂದು ಅಜ್ಜಿ ಅಲ್ಲೇ ತೀರ್ಪು ಕೊಟ್ಟಳು.

ಎಲ್ಲರೂ ಹೊರಟ ಮೇಲೆ ನಾನು ಚೆಂಡುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಅಜ್ಜಿ ಬಂದು ಒಂದು ಚೆಂಡನ್ನು ನನ್ನ ಮುಂದೆ ಹಿಡಿದಳು.

"ನೀವೂ ಒಂದ್ಸಲ ಎಸೀರಿ ಮೇಷ್ಟ್ರೇ. ನಿಮ್ ಕೈಲಿ."

ನಾಚಿಕೆಯಾಯಿತು. ಆದರೂ ಎಡಗೈಯಲ್ಲಿ ಹಿಡಿದು ಎಸೆದೆ. ಚೆಂಡು ನಾಲ್ಕು ಮಾರು ಹೋಗಿ ಧೊಪ್ಪೆಂದು ಬಿತ್ತು. ನನ್ನ ವಯಸ್ಸೆಲ್ಲ ಬಲಗೈಗೆ ಹೋಗಿ, ಎಡಗೈ ಇನ್ನೂ ಎರಡನೇ ಕ್ಲಾಸಿನಲ್ಲೇ ಕೂತಿತ್ತು. ಅಜ್ಜಿ ನಗಲಿಲ್ಲ. ನನ್ನ ಮಣಿಕಟ್ಟನ್ನೊಮ್ಮೆ ನೋಡಿ, "ನಿಮ್ಮಜ್ಜಿ ಅಷ್ಟು ಒಡೀಬಾರ್ದಿತ್ತು," ಅಂದಳು.

ಹುಡುಗಿ ಚೆಂಡನ್ನು ಹೆಕ್ಕಿ ತಂದು ನನ್ನ ಎಡಗೈಗೆ ಇಟ್ಟು, ನನ್ನ ಕಾಲುಗಳನ್ನು ನೋಡಿ ತಲೆಯಾಡಿಸಿದಳು.

"ಎಡಗಾಲಲ್ಲ ಸಾ. ನಮ್ಗೆ ಬಲಗಾಲು ಮುಂದೆ."

ನಾನು ಬಲಗಾಲು ಮುಂದಿಟ್ಟೆ.