ಪೂರಾ ಆರಾಮ್

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ನಿಂತೇ ದುಡಿದ ಕಂಡಕ್ಟರ್ ನಾನು. ಸೀಟು ಖಾಲಿ ಇದ್ದರೂ ಕೂರುವ ಚಟವಿರಲಿಲ್ಲ. ನಾನು ‘ಹೋಲ್ಡಾನ್’ ಎಂದರೆ ಬಸ್ಸು ನಿಲ್ಲಬೇಕು, ‘ರೈಟ್’ ಎಂದರೆ ಹೊರಡಬೇಕು. ಅಂಥವನು ಜೇವರ್ಗಿಯಲ್ಲಿ ಇಳಿಯುವಾಗ ಕೊನೆಯ ಮೆಟ್ಟಿಲು ತಪ್ಪಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡೆ. ಕಲಬುರಗಿಯಲ್ಲಿ ರಾಡು ಹಾಕಿದರು. ಅಫಜಲಪುರದ ಮನೆಗೆ ಬಂದು ಮಂಚ ಹಿಡಿದೆ.

ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸಲು ಮೈಸೂರು ಕಡೆಯ ಒಬ್ಬ ಡಾಕ್ಟರಿದ್ದರು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತ ಮೊಣಕಾಲು ಮಡಚು, ಹತ್ತು ಎಣಿಸು, ಚಾಚು; ದಿನಕ್ಕೆ ಮೂರು ಹೊತ್ತು. ಒಂದು ಸಲ ಮಡಚಿದ್ದಕ್ಕೇ ನಾನು ಸತ್ತ ಅವ್ವನನ್ನು ಕರೆದಿದ್ದೆ. ಆ ಹೊತ್ತಿನಲ್ಲಿ ಹೆಂಡತಿಯನ್ನು ಹೊರಗೆ ಕೂರಿಸುತ್ತಿದ್ದರು. ಮನೆಗೆ ಕಳಿಸುವ ದಿನ ಅವರು, ನಮ್ಮ ಮಾತು ಕಲಿತ ಹುರುಪಿನಲ್ಲಿ, ನನ್ನ ಹೆಂಡತಿಗೆ ಹೇಳಿದರು: “ಇವರಿಗೆ ಪೂರಾ ಆರಾಮ್ ಬೇಕ್ರಿ. ಒಂದು ದಿನಾನೂ ತಪ್ಪಿಸಬೇಡ್ರಿ.”

ಅವರು ಹೇಳಬೇಕಿದ್ದದ್ದು ‘ಆರಾಮ್ ಆಗಬೇಕು’ ಎಂದು; ತಪ್ಪಿಸಬಾರದ್ದು ವ್ಯಾಯಾಮ. ನಮ್ಮಲ್ಲಿ ಆರಾಮ್ ಆಗುವುದೆಂದರೆ ಗುಣವಾಗುವುದು. ಆರಾಮ್ ಬೇಕು ಎಂದರೆ ಅಲುಗಾಡದೆ ಬಿದ್ದಿರುವುದು. ಪಕ್ಕದಲ್ಲೇ ಗಾಲಿಕುರ್ಚಿಯಲ್ಲಿದ್ದ ನನಗೆ ತಪ್ಪು ತಕ್ಷಣ ತಿಳಿಯಿತು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ನಾನು ಬಾಯಿ ಬಿಡಲಿಲ್ಲ.

ಹೆಂಡತಿ ವಾಕರನ್ನು ಬಾಗಿಲ ಹಿಂದೆ ನಿಲ್ಲಿಸಿ ಅದರ ಮೇಲೆ ಟಾವೆಲ್ ಒಣಹಾಕಿದಳು. ಕಾಲು ಅಲುಗದಂತೆ ಎರಡೂ ಕಡೆ ದಿಂಬು ಒತ್ತಿಟ್ಟಳು. ಮೊದಲ ವಾರ ಸುಖವೆನಿಸಿದ್ದು ಸುಳ್ಳಲ್ಲ, ಮಲಗಿದಲ್ಲೇ ರೊಟ್ಟಿ, ಪುಂಡಿಪಲ್ಯ. ಎರಡನೆಯ ವಾರಕ್ಕೆ ಮಾಡಿನ ಜಂತಿಗಳನ್ನೆಲ್ಲ ಎಣಿಸಿ ಮುಗಿಸಿದ್ದೆ. ರಸ್ತೆಯಲ್ಲಿ ಹಾರ್ನ್ ಕೇಳಿದರೆ ಅದು ಆಳಂದದ ಬಸ್ಸೋ ಜೇವರ್ಗಿಯದೋ ಎಂದು ಗೊತ್ತಾಗುತ್ತಿತ್ತು, ಗೊತ್ತಾದಷ್ಟೂ ಹೊಟ್ಟೆ ಉರಿಯುತ್ತಿತ್ತು. ನೋಡಲು ಬಂದವರೂ ಹೋಗುವಾಗ “ಆರಾಮ್ ಮಾಡ್ರಿ” ಎನ್ನುತ್ತಿದ್ದರು. ಆ ಮಾತು ಕೇಳಿದರೆ ಚೊಂಬು ಎತ್ತಿ ಒಗೆಯಬೇಕೆನಿಸುತ್ತಿತ್ತು.

ಎಲ್ಲಕ್ಕಿಂತ ಹೊಲಸು ಬಾಳು ಬೆಡ್‌ಪ್ಯಾನಿನದು. ಪಾಯಖಾನೆ ಅಂಗಳದ ಆಚೆ ಬರೀ ಹನ್ನೆರಡು ಹೆಜ್ಜೆ. ಹೆಂಡತಿ ಮೂಗು ಮುರಿಯದೆ ಎತ್ತಿಕೊಂಡು ಹೋಗುತ್ತಿದ್ದಳು. ನಾನು ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದೆ. ಆ ಹನ್ನೆರಡು ಹೆಜ್ಜೆ ನಾನೇ ನಡೆದು ಹೋದರೆ ಸಾಕಿತ್ತು, ಬೇರೇನೂ ಬೇಡವಾಗಿತ್ತು.

ಒಂದು ಮಧ್ಯಾಹ್ನ ಅವಳು ಗಿರಣಿಗೆ ಹೋದಾಗ ದಿಂಬು ಸರಿಸಿ ಮೊಣಕಾಲು ಮಡಚಲು ನೋಡಿದೆ. ನಾಲ್ಕು ಬೆರಳಷ್ಟು ಎದ್ದು ನಿಂತುಬಿಟ್ಟಿತು, ಜಂಗು ಹಿಡಿದ ಕದದ ಹಾಗೆ. ಅಷ್ಟರಲ್ಲಿ ಅವಳು ಹಿಟ್ಟಿನ ಡಬ್ಬಿ ಹೊತ್ತು ಬಂದಳು.

“ಅಯ್ಯ, ಏನ್ ಮಾಡಾಕತ್ತೀರಿ?”

“ಮಡಚಾಕತ್ತೇನಿ ಬೇ. ಡಾಕ್ಟರ್ ಹೇಳಿದ್ದು ಇದೇ!”

“ನನ್ನ ಕಿವಿ ಏನ್ ಕಿವುಡೇನ್ರಿ? ಪೂರಾ ಆರಾಮ್ ಅಂದಾರ. ಸುಮ್ಮ ಮಲ್ಕೋರಿ.”

ದಿಂಬು ಮತ್ತೆ ಒತ್ತಿದಳು. ನನಗೆ ಎಲ್ಲ ಗೊತ್ತಿತ್ತೆಂದು ಆಗ ಹೇಳಿದ್ದರೆ ನಂಬುತ್ತಿದ್ದಳು. ಹೇಳಲು ಮುಖವಿರಲಿಲ್ಲ.

ಆರನೆಯ ವಾರ ಆಸ್ಪತ್ರೆಗೆ ಒಯ್ದರು. ಡಾಕ್ಟರು ಮೊಣಕಾಲು ಹಿಡಿದು ನೋಡಿ, “ಏನಮ್ಮಾ, ಒಂದು ದಿನಾನೂ ಮಾಡಿಸಿಲ್ವಾ? ಇನ್ನೂ ಹೀಗೇ ಬಿಟ್ಟರೆ ಇದು ಮಡಚೋದೇ ಇಲ್ಲ” ಎಂದರು.

“ನೀವೇ ಆರಾಮ್ ಬೇಕಂದ್ರಲ್ರಿ!”

ಅವರು ಹಣೆಗೆ ಕೈ ಹಚ್ಚಿಕೊಂಡರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು, “ನನ್ನ ಕೈಯಾರ ನಿಮ್ಮ ಕಾಲು ಕಳದೆನಲ್ರಿ” ಎಂದು ಅತ್ತಳು. ಆಗಲೂ ನಾನು ಸುಮ್ಮನಿದ್ದೆ, ಹೇಡಿ.

ಮನೆಯಲ್ಲಿ ಈಗ ಕುರ್ಚಿಯ ವ್ಯಾಯಾಮ. ಪಾದದ ಕೆಳಗೆ ಪ್ಲಾಸ್ಟಿಕ್ ಚೀಲ ಹಾಸಿ ಹಿಂದೆ ಮುಂದೆ ಜಾರಿಸುವುದು, ಕಾಲು ನೇರ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದು, ಹಿಡಿಕೆ ಒತ್ತಿ ಏಳುವುದು. ಅವಳು ನೆಲಕ್ಕೆ ಕೂತು ಎಣಿಸುತ್ತಿದ್ದಳು. ತನ್ನ ತಪ್ಪಿಗೆಂದು ಒಪ್ಪತ್ತು ಬೇರೆ ಹಿಡಿದಿದ್ದಳು, ದಿನಕ್ಕೆ ಒಂದೇ ಊಟ. ಒಂದು ಬೆಳಿಗ್ಗೆ ಅವಳ ಕೈಬಳೆ ಮೊಣಕೈವರೆಗೆ ಜಾರಿದ್ದು ಕಂಡು ನನ್ನಿಂದ ತಡೆಯಲಾಗಲಿಲ್ಲ.

“ಆವತ್ತ ದವಾಖಾನ್ಯಾಗ ಅವರು ತಪ್ಪು ಮಾತಾಡಿದ್ದು ನನಗ ತಿಳಿದಿತ್ತು. ನೋವಿಗೆ ಅಂಜಿ ಸುಮ್ಮನಿದ್ದೆ.”

ಅವಳ ಎಣಿಕೆ ಏಳಕ್ಕೆ ನಿಂತಿತು. ನನ್ನ ಮುಖ ನೋಡಲಿಲ್ಲ. ಎಂಟು, ಒಂಬತ್ತು, ಹತ್ತು ಎಣಿಸಿ ಮುಗಿಸಿದಳು. ಎದ್ದು ಹೋಗಿ ಎರಡು ರೊಟ್ಟಿ ತಿಂದಳು. ಆಮೇಲೆ ಬೆಡ್‌ಪ್ಯಾನ್ ತೊಳೆದು ಗೋಡೆಯ ಮೇಲೆ ಬೋರಲು ಹಾಕಿದಳು. ವಾಕರಿನ ಮೇಲಿದ್ದ ಟಾವೆಲ್ ಎಳೆದು ಬಿಸಾಡಿ, ವಾಕರನ್ನು ನನ್ನ ಮುಂದೆ ಕುಕ್ಕಿದಳು.

“ಏಳ್ರಿ.”

ಅಂಗಳದ ನಡುವೆ, ಐದನೆಯ ಹೆಜ್ಜೆಗೆ, ಕಾಲು ಗಡಗಡ ನಡುಗಿತು. ಬೆವರು ಕಣ್ಣಿಗೆ ಇಳಿಯಿತು.

“ಹೋಲ್ಡಾನ್,” ಎಂದೆ.

ಅವಳು ಹಿಡಿಯಲು ಬರಲಿಲ್ಲ. ಪಾಯಖಾನೆಯ ಬಾಗಿಲು ತೆರೆದು ಹಿಡಿದು ನಿಂತಿದ್ದಳು.

“ರೈಟ್,” ಅಂದಳು.