ಒಣ ಕೊಳವೆಯ ಬಾಯಲ್ಲೊಂದು ಜೇಡ

ಬೆಳಗಿನ ಐದೂವರೆ ಗಂಟೆ. ಲಕ್ಷ್ಮೀಪುರಂನ ಬೀದಿಯಲ್ಲಿ ಹಾಲಿನವನ ಸೈಕಲ್ಲಿನ ಗಂಟೆ ಇನ್ನೂ ಕೇಳಿಸಿಲ್ಲ. ವೆಂಕಟಸುಬ್ಬಯ್ಯನವರ ಮನೆಯ ಪಕ್ಕದ ಓಣಿಯಲ್ಲಿ ಚಾಮಯ್ಯ ಮೊಣಕಾಲೂರಿ ಕೂತಿದ್ದಾರೆ. ಗೋಡೆ ತೂರಿ ಬಂದು ನೆಲದೊಳಗಿನ ಸಿಮೆಂಟು ಗುಂಡಿಗೆ ಇಳಿಯುವ ಕಬ್ಬಿಣದ ಕೊಳವೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿಕೊಂಡಿದ್ದಾರೆ. ಒಳಗೆ ನೀರು ಇಳಿಯುತ್ತಿದೆ. ಆದರೆ ಸದ್ದಿಲ್ಲ.

"ಗೊರಕೆ ಇಲ್ಲ. ಚೆನ್ನಾಗಿ ನಿದ್ದೆ ಮಾಡ್ತಾ ಅದೆ," ಎಂದು ತಮಗೆ ತಾವೇ ಹೇಳಿಕೊಂಡು ಏಳುತ್ತಾರೆ.

ಆಮೇಲೆ ಜಗುಲಿಗೆ ಹತ್ತುತ್ತಾರೆ. ಅಲ್ಲಿ ಎಂಟಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಇಪ್ಪತ್ತನಾಲ್ಕು ಬಂಗಾರದ ಮೀನುಗಳಿವೆ. ಚಾಮಯ್ಯ ಮೀನುಗಳ ಕಡೆ ನೋಡುವುದಿಲ್ಲ. ತೊಟ್ಟಿಯ ಹಿಂಬದಿಯ ಮೂಲೆಗೆ ಹೋಗಿ, ನೀರಿನಿಂದ ತಲೆ ಎತ್ತಿ ನಿಂತ ಇನ್ನೊಂದು ಕೊಳವೆಯ ಬಾಯೊಳಗೆ ಬೆಂಕಿಕಡ್ಡಿ ಗೀರಿ ಬಗ್ಗಿ ನೋಡುತ್ತಾರೆ. ಬಾಯಿಗೆ ಅಡ್ಡಲಾಗಿ ಜೇಡನ ಬಲೆ. ನಡುವೆ ಸಾಸಿವೆಯಷ್ಟು ದೊಡ್ಡ ಜೇಡ. ಕಡ್ಡಿ ಆರಿಸಿ, "ಅವ್ನೆ," ಎನ್ನುತ್ತಾರೆ. ಅಲ್ಲಿಗೆ ಬೆಳಗಿನ ಪರೀಕ್ಷೆ ಮುಗಿದಂತೆ.

ಆದರೆ ಇವತ್ತಿನ ದೊಡ್ಡ ಪರೀಕ್ಷೆ ಸಂಜೆಗಿದೆ. ಇವತ್ತು ನೀರು ತುಂಬುವ ಹಬ್ಬ.

ಮೈಸೂರಿನ ಎಷ್ಟೋ ಮನೆಗಳ ನಲ್ಲಿ ಚಾಮಯ್ಯನವರ ಕೈಯಲ್ಲಿ ತಿರುಗಿದೆ. ಮಂಡಕಳ್ಳಿಯ ಒಕ್ಕಲು ಮನೆಯಲ್ಲಿ ಹುಟ್ಟಿದ ಅವರು ಹದಿನೆಂಟನೆಯ ವಯಸ್ಸಿಗೆ ಬೀದಿ ಅಗೆದು ಕೊಳವೆ ಹೂಳುವ ತಂಡಕ್ಕೆ ಸೇರಿದರು. ಈಗ ಐವತ್ತೆರಡು. ಎಡಗೈ ಕಿರುಬೆರಳಿನ ತುದಿ ಇಲ್ಲ, ಕೊಳವೆಗೆ ತಿರುಪಿನ ಮರೆ ಕೊರೆಯುವಾಗ ಹೋಯಿತು. ಮೊಣಕಾಲು ಚಳಿಗಾಲದಲ್ಲಿ ಮಡಿಸಲು ಬರುವುದಿಲ್ಲ. ಆದರೂ ದಿನಾ ಆರು ಮೈಲಿ ಸೈಕಲ್ ತುಳಿದು ಬರುತ್ತಾರೆ, ಆರು ಮೈಲಿ ತುಳಿದು ಹೋಗುತ್ತಾರೆ. ಕೃಷ್ಣಮೂರ್ತಿಪುರಂನಲ್ಲಿ ನಾಲ್ಕು ಮನೆ, ಲಕ್ಷ್ಮೀಪುರಂನಲ್ಲಿ ಏಳು. ಅವರ ಸ್ವಂತ ಮನೆಯಲ್ಲಿ ನಲ್ಲಿ ಇಲ್ಲ.

"ಊರೋರ ಮನೇಗೆಲ್ಲ ನೀರು ಬುಡಾಕೆ ಓಯ್ತಾನೆ. ನಾನು ಬಾವೀಲಿ ಸೇದ್ತಾ ಕೂತಿವ್ನಿ," ಎಂದು ಅವರ ಹೆಂಡತಿ ಪುಟ್ಟತಾಯಮ್ಮ ಬಂದವರ ಮುಂದೆಲ್ಲ ಹಂಗಿಸುತ್ತಾರೆ. ಚಾಮಯ್ಯ ನಗುತ್ತಾರೆ.

ಮೀನಿನ ತೊಟ್ಟಿಯ ಕೆಲಸ ಸಿಕ್ಕಿದ್ದು ಸ್ವಾತಂತ್ರ್ಯ ಬಂದ ಮರುವರ್ಷ. ಅರಮನೆಯ ತೋಟದ ಕಚೇರಿಯಿಂದ ನಿವೃತ್ತರಾದ ವೆಂಕಟಸುಬ್ಬಯ್ಯನವರಿಗೆ ಮೀನು ಸಾಕುವ ಹುಚ್ಚು ಹಿಡಿದಿತ್ತು. ತೊಟ್ಟಿಯ ನೀರು ವಾರಕ್ಕೇ ಹಸಿರುಗಟ್ಟುತ್ತಿತ್ತು. ಅದಕ್ಕಾಗಿ ಓಣಿಯಲ್ಲೊಂದು ಗುಂಡಿ ಕಟ್ಟಿಸಿ, ಮರಳು ಇದ್ದಿಲು ತುಂಬಿಸಿದರು. ತೊಟ್ಟಿಯ ನೀರು ಕೊಳವೆಯಲ್ಲಿ ಇಳಿದು ಬಂದು ಗುಂಡಿಯಲ್ಲಿ ಸೋಸಿಕೊಳ್ಳಬೇಕು, ಪುಟ್ಟ ಮೋಟಾರು ಅದನ್ನು ಮತ್ತೆ ಮೇಲಕ್ಕೆತ್ತಬೇಕು. ಮೊದಲು ಬಂದ ಮೇಸ್ತ್ರಿ ಒಂದೇ ಒಂದು ಸಣ್ಣ ಕೊಳವೆ ಹಾಕಿ ಹೋದ. ಅದು ಹಗಲೂ ರಾತ್ರಿ ಗೊಳಗೊಳ ಎನ್ನುತ್ತಿತ್ತು. ಒಂದು ದಿನ ಎಲೆಯೊಂದು ಬಾಯಿಗೆ ಸಿಕ್ಕಿ, ನೀರು ಗಾಜಿನ ಮೇಲೆ ಹಾಯ್ದು, ಎರಡು ಮೀನು ಜಗುಲಿಗೆ ಬಿದ್ದವು.

ಚಾಮಯ್ಯ ಬಂದು ಎರಡು ದಿನ ಬರೀ ನೋಡಿದರು. ಮೂರನೆಯ ದಿನ ಹಳೆಯದನ್ನು ಕಿತ್ತು ಒಂದೂವರೆ ಇಂಚಿನ ಕೊಳವೆ ಹಾಕಿದರು. ನೀರು ಒಸರದಂತೆ ಮರೆಗೆ ಸಣಬು ಸುತ್ತಿ, ಸಫೇದದ ಬಿಳಿ ಬಣ್ಣ ಬಳಿದು ಬಿಗಿದರು. ಕೆಳತುದಿಗೆ ನೀರಿನ ಹರಿವು ತಡೆದು ಬಿಡುವ ತಿರುಗಣೆ ಕೂರಿಸಿ, ಕೊಳವೆಯ ಬಾಯಿ ಯಾವಾಗಲೂ ಮೂರು ಬೆರಳು ನೀರೊಳಗೆ ಮುಳುಗಿರುವಷ್ಟು ಹಿಡಿತ ಮಾಡಿದರು. "ಬಾಯಿ ಮೇಲೆ ಇದ್ರೆ ನೀರಿನ್ ಜೊತೇಲಿ ಗಾಳೀನೂ ಕುಡೀತದೆ. ಗಾಳಿ ಕುಡುದ್ರೇನೆ ಗೊರಕೆ," ಎಂದು ವಿವರಿಸುತ್ತಾರೆ. ಅದರ ಪಕ್ಕದಲ್ಲೇ ನಾಲ್ಕು ಬೆರಳು ಎತ್ತರಕ್ಕೆ ಇನ್ನೊಂದು ಕೊಳವೆ ನಿಲ್ಲಿಸಿದರು. ಮೊದಲನೆಯದು ಕಟ್ಟಿಕೊಂಡರೆ ಮಾತ್ರ ನೀರು ಅದಕ್ಕೇರಬೇಕು. ನೋಡಿದವರು ನಕ್ಕರು. ನೀರೇ ಹೋಗದ ಕೊಳವೆ ಯಾತಕ್ಕೆ?

"ನಗ್ಲಿ. ಊರಲ್ಲಿ ಆಕಿರೋ ಪೈಪೆಲ್ಲ ಅವ್ರಿವ್ರು ಏಳ್ದಂಗೆ ಆಕಿದ್ದು. ಇದೊಂದು ನನ್ ತಲೇಲಿ ಉಟ್ಟಿದ್ದು."

ಹತ್ತು ವರ್ಷ ಆ ಒಣ ಕೊಳವೆಗೆ ಕೆಲಸವೇ ಬೀಳಲಿಲ್ಲ, ಅದರ ಬಾಯಲ್ಲಿ ಜೇಡ ಬಲೆ ಕಟ್ಟಿತು. ಸಂಜೆಯಾದರೆ ಶಾಲೆ ಬಿಟ್ಟ ಮಕ್ಕಳು ಜಗುಲಿಯ ಕಂಬಿಗೆ ಜೋತುಬಿದ್ದು ಮೀನು ನೋಡುತ್ತಾರೆ. ತೊಟ್ಟಿಯ ಹಿಂದೆ ಏನಿದೆ ಎಂದು ಯಾರೂ ಕೇಳುವುದಿಲ್ಲ.

ಹೋದ ವರ್ಷದ ಇದೇ ಹಬ್ಬದ ರಾತ್ರಿ ಕರೆಂಟ್ ಹೋಯಿತು. ಮೋಟಾರು ನಿಂತಿತು. ಹಾಗೆ ನಿಂತಾಗಲೆಲ್ಲ ತೊಟ್ಟಿಯ ಮೇಲಿನ ಮೂರು ಬೆರಳಿನ ನೀರು, ಅಂದರೆ ಎಂಟು ಕೊಡ, ಕೆಳಗಿಳಿಯುತ್ತದೆ. ಅದಕ್ಕೆಂದೇ ಗುಂಡಿಯಲ್ಲಿ ಚಾಮಯ್ಯ ಎಂಟು ಕೊಡದ ಜಾಗ ಸದಾ ಖಾಲಿ ಬಿಟ್ಟಿರುತ್ತಾರೆ. ಆ ರಾತ್ರಿ ಮಾತ್ರ ಗುಂಡಿ ಉಕ್ಕಿ, ನೀರು ಓಣಿಯಿಂದ ಒಂದು ಮೆಟ್ಟಿಲು ತಗ್ಗಿನಲ್ಲಿರುವ ಉಗ್ರಾಣಕ್ಕೆ ನುಗ್ಗಿತು. ಹಬ್ಬಕ್ಕೆ ತಂದಿಟ್ಟ ಅಕ್ಕಿ ಮೂಟೆಗಳು ನೆನೆದವು. ಬೆಳಿಗ್ಗೆ ಚಾಮಯ್ಯ ಬಂದಾಗ ಮನೆ ತುಂಬ ನೆಂಟರು. ಎಲ್ಲರೆದುರು ವೆಂಕಟಸುಬ್ಬಯ್ಯನವರು ಬೈದರು. ಇನ್ನೊಂದು ಸಲ ಹೀಗಾದರೆ ಕೊಳವೆ ಕೀಳಿಸಿ, ಮೀನುಗಳನ್ನು ಯಾವುದಾದರೂ ಕೊಳಕ್ಕೆ ಬಿಡುತ್ತೇನೆ ಎಂದರು.

ಚಾಮಯ್ಯ ಗುಂಡಿಯ ಬಳಿ ಹೋಗಿ ನೋಡಿದರು. ಗುಂಡಿಯ ಅಂಚಿನಲ್ಲಿ ಅರಿಸಿನ ಕುಂಕುಮದ ಬೊಟ್ಟು ಒದ್ದೆಯಾಗಿ ಇಳಿದಿತ್ತು. ಮನೆಯ ಹಂಡೆ, ಕೊಪ್ಪರಿಗೆ, ಬಿಂದಿಗೆಗಳ ಜೊತೆ ಹಬ್ಬದ ಲೆಕ್ಕಕ್ಕೆ ಗುಂಡಿಯನ್ನೂ ಯಾರೋ ಕಂಠಮಟ್ಟ ತುಂಬಿಸಿದ್ದರು. ಯಾರೆಂದು ತಿಳಿಯುವುದು ಕಷ್ಟವೇನಲ್ಲ. ವೆಂಕಟಸುಬ್ಬಯ್ಯನವರ ಪತ್ನಿ ಚೂಡಾಮಣಿಯಮ್ಮ ನೆನೆದ ಅಕ್ಕಿಯ ಮುಂದೆ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದರು. ಚಾಮಯ್ಯ ಬೊಟ್ಟನ್ನು ಹೆಬ್ಬೆರಳಿನಿಂದ ಒರೆಸಿ ಹಾಕಿದರು. "ನನ್ ಅಂದಾಜು ತಪ್ಪೋಯ್ತು ಸ್ವಾಮಿ," ಎಂದರು.

ವರ್ಷವಿಡೀ ಆ ಮಾತು ಅವರ ಮೇಲೇ ಇತ್ತು. ಈಚೆಗೆ ಕೃಷ್ಣಮೂರ್ತಿಪುರಂನ ಮನೆಯೊಂದರಲ್ಲೂ, "ಉಗ್ರಾಣ ಮುಳುಗಿಸಿದವರು ನೀವೇ ಏನು?" ಎಂದು ಕೇಳಿದರಂತೆ.

ಹದಿನೈದು ದಿನದ ಹಿಂದೆ ಅವರು ಗುಂಡಿಯ ಗೋಡೆಯಲ್ಲಿ, ಅಂಚಿನಿಂದ ಕೆಳಗೆ ಒಂಬತ್ತು ಕೊಡದ ಜಾಗ ಅಳೆದು, ಒಂದು ತೂತು ಕೊರೆದರು. ಗೋಡೆಯಾಚೆ, ಇನ್ನೂ ತಗ್ಗಿನಲ್ಲಿ, ಕನಕಾಂಬರದ ಮಡಿ ಇದೆ. ತೂತಿಗೆ ಸರಿಯಾಗಿ ಒಂದು ಮರದ ಬೆಣೆ ಕೆತ್ತಿ, ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದಾರೆ.

ಸಂಜೆ ಐದು ಗಂಟೆ. ಬಚ್ಚಲಿನ ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಿದ್ದಿದೆ, ಕೊರಳಿಗೆ ಹಾಗಲ ಬಳ್ಳಿ. ಚೂಡಾಮಣಿಯಮ್ಮ ಕೊಡ ಹಿಡಿದು ಓಣಿಗೆ ಬರುತ್ತಾರೆ. ವೆಂಕಟಸುಬ್ಬಯ್ಯನವರು ಉಗ್ರಾಣದ ಬಾಗಿಲಿಗೆ ಅಡ್ಡ ನಿಂತಿದ್ದಾರೆ.

"ಇವತ್ತು ಮನೇಲಿ ಅರೆ ತುಂಬಿದ ಪಾತ್ರೆ ಇರಬಾರದು ಕಣಯ್ಯಾ," ಎನ್ನುತ್ತಾರೆ ಚೂಡಾಮಣಿಯಮ್ಮ, ಸ್ವಲ್ಪ ಹಿಂಜರಿದು. "ಮತ್ಸ್ಯಾವತಾರ ಅಂತ ಕೈ ಮುಗೀತೀವಿ. ಅವನ ನೀರೇ ಕಮ್ಮಿ ಅಂದ್ರೆ ಹೇಗೆ ಹೇಳು?"

"ತುಂಬ್ಸಿ ಅಮ್ಮಾವ್ರೆ. ನಿಮ್ ಕೈಯಾರೆ ತುಂಬ್ಸಿ. ತುಳುಕಿದ್ ಮ್ಯಾಲೆ ನಿಲ್ಸಿ."

"ಏ ಚಾಮಯ್ಯಾ, ನಿನಗೆ ಬುದ್ಧಿ ನೆಟ್ಟಗಿದೆಯೋ?" ವೆಂಕಟಸುಬ್ಬಯ್ಯನವರ ಗಂಟಲು ಏರುತ್ತದೆ.

ಒಂದು ಕೊಡ. ಎರಡು. ಮೂರನೆಯದು ಅರ್ಧ ಸುರಿಯುವಷ್ಟರಲ್ಲಿ ತೂತಿನಿಂದ ನೀರು ಸಣ್ಣಗೆ ಹೊರಟು ಕನಕಾಂಬರದ ಬುಡಕ್ಕೆ ಬೀಳುತ್ತದೆ. ಚೂಡಾಮಣಿಯಮ್ಮ ಕೊಡ ಎತ್ತಿ ಹಿಡಿದು ನಿಲ್ಲುತ್ತಾರೆ. ಅಂಚಿನವರೆಗೆ ಇನ್ನೂ ಜಾಗವಿದೆ. ಆದರೆ ನೀರು ತುಳುಕುತ್ತಿದೆ.

"ತುಳುಕಿದ್ರೆ ತುಂಬ್ದಂಗಲ್ವಾ ಅಮ್ಮಾವ್ರೆ?"

ಅವರು ಗುಂಡಿ ನೋಡುತ್ತಾರೆ, ಚಾಮಯ್ಯನವರ ಮುಖ ನೋಡುತ್ತಾರೆ, ಆಮೇಲೆ ನಕ್ಕುಬಿಡುತ್ತಾರೆ. "ಭಾರಿ ಕಳ್ಳ ಕಣಯ್ಯಾ ನೀನು. ತುಂಬಿತು, ಇಲ್ಲ ಅನ್ನೋಕೆ ಬಾಯೇ ಇಲ್ಲ." ತೂತಿನ ಪಕ್ಕದಲ್ಲಿ ಅರಿಸಿನ ಕುಂಕುಮ ಇಡುತ್ತಾರೆ. ಚಾಮಯ್ಯ ಬೆಣೆಗೆ ಸಣಬು ಸುತ್ತಿ ಬಡಿಯುತ್ತಾರೆ. ನೀರು ನಿಲ್ಲುತ್ತದೆ.

"ಈಗ ಮೋಟಾರಿನ ಸ್ವಿಚ್ಚು ನೀವೇ ತೆಗೀರಿ ಸ್ವಾಮಿ."

ವೆಂಕಟಸುಬ್ಬಯ್ಯನವರು ತೆಗೆಯುತ್ತಾರೆ. ಮೋಟಾರಿನ ಗುಂಯ್ ಸದ್ದು ನಿಂತು, ಓಣಿ ಒಮ್ಮೆಲೇ ಬಿಕೋ ಎನ್ನುತ್ತದೆ. ಗುಂಡಿಯ ನೀರು ಏರತೊಡಗುತ್ತದೆ. ಕುಂಕುಮ ಮುಳುಗುತ್ತದೆ. ಬೆಣೆ ಮುಳುಗುತ್ತದೆ. ಅಂಚಿಗೆ ನಾಲ್ಕು ಬೆರಳು, ಮೂರು ಬೆರಳು. ಗೊಳಕ್ ಎಂದು ಕೊಳವೆ ಕೊನೆಯ ಗುಟುಕು ಉಗುಳಿ ಸುಮ್ಮನಾಗುತ್ತದೆ. ನೀರು ಅಲ್ಲೇ ನಿಂತಿದೆ. ಉಗ್ರಾಣದ ಮೆಟ್ಟಿಲು ಒಣಗಿದೆ.

ವೆಂಕಟಸುಬ್ಬಯ್ಯನವರು ಬಗ್ಗಿ ಬೆರಳಿಟ್ಟು ಅಳೆಯುತ್ತಾರೆ. "ಹೋದ ವರ್ಷವೂ ಇಷ್ಟೇ ತಾನೇ ಇಳಿದದ್ದು? ಮತ್ತೆ ಆಗ ಯಾಕೆ ಉಕ್ಕಿತು?"

"ಆಗ ಅಂಚಿನ ತನಕ ತುಂಬಿಸಿದ್ದು ನಾನು," ಎನ್ನುತ್ತಾರೆ ಚೂಡಾಮಣಿಯಮ್ಮ. ಧ್ವನಿ ಸಣ್ಣದು, ಆದರೆ ಸ್ಪಷ್ಟ. "ನೆಂಟರ ಮುಂದೆ ಹೇಳೋಕೆ ಬಾಯಿ ಬರಲಿಲ್ಲ. ಆಮೇಲೆ ದಿನ ಕಳೆದ ಹಾಗೆಲ್ಲ ಇನ್ನೂ ಕಷ್ಟವಾಯಿತು. ಚಾಮಯ್ಯಾ, ನಿನಗೆ ಗೊತ್ತಿತ್ತೇನೋ?"

"ಕುಂಕುಮ ಕಂಡಿದ್ದೆ ಅಮ್ಮಾವ್ರೆ."

ವೆಂಕಟಸುಬ್ಬಯ್ಯನವರು ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ. "ವರ್ಷವಿಡೀ ಬೈಸಿಕೊಂಡೆಯಲ್ಲಯ್ಯಾ. ಒಂದು ಮಾತು ಹೇಳಬಾರದಿತ್ತೇ?"

"ನೀವು ಬೈದಿದ್ದು ಪೈಪಿಗಲ್ವಾ ಸ್ವಾಮಿ? ಅದು ಕಬ್ಬಿಣ. ನೆಪ್ಪಿಟ್ಕಳಾಕಿಲ್ಲ."

"ಕೃಷ್ಣಮೂರ್ತಿಪುರದೋರಿಗೆ ನಾಳೆ ನಾನೇ ಹೋಗಿ ಹೇಳ್ತೀನಿ," ಎಂದು ವೆಂಕಟಸುಬ್ಬಯ್ಯನವರು ಗೊಣಗುತ್ತಾರೆ. ಕೊಳವೆ ಕೀಳಿಸುವ ಮಾತು ಅವರ ಬಾಯಿಂದ ಮತ್ತೆ ಬರುವುದಿಲ್ಲ.

ಚಾಮಯ್ಯ ಆಗಲೇ ಜಗುಲಿಗೆ ಹೋಗಿಯಾಗಿದೆ. ಮೋಟಾರು ಮತ್ತೆ ಹೊರಟಾಗ ಕೊಳವೆಯ ತುಂಬ ಗಾಳಿ ಇರುತ್ತದೆ. ಅದು ಹೊರಬೀಳುವತನಕ ತೊಟ್ಟಿಯ ನೀರು ಮಾಮೂಲಿಗಿಂತ ಮೇಲೇರುತ್ತದೆ. ಅವರಿಗೆ ಅಳುಕು ಇರುವುದು ಆ ಅರೆಗಳಿಗೆಯದು. "ಸ್ವಿಚ್ಚು ಆಕಿ ಸ್ವಾಮಿ," ಎಂದು ಕೂಗುತ್ತಾರೆ. ನೀರು ಏರುತ್ತದೆ. ಕೊಳವೆ ಎರಡು ಸಲ ಕೆಮ್ಮುತ್ತದೆ. ಮೀನುಗಳು ಮೂಲೆಗೆ ಸರಿಯುತ್ತವೆ. ಒಣ ಕೊಳವೆಯ ಬಾಯಿಗೆ ಅರ್ಧ ಬೆರಳು ಇರುವಾಗ ನೀರು ನಿಂತು, ಮೆಲ್ಲಗೆ ತನ್ನ ಮಟ್ಟಕ್ಕೆ ಇಳಿಯುತ್ತದೆ. ಗೊರಕೆ ಇಲ್ಲ.

ಚೂಡಾಮಣಿಯಮ್ಮ ಹಬ್ಬದ ಕಜ್ಜಾಯ ತಂದು ಕೊಡುತ್ತಾರೆ. "ಏನು ಬೇಕು ಕೇಳಯ್ಯಾ. ಹಬ್ಬದ ದಿನ, ಇಲ್ಲ ಅನ್ನಲ್ಲ."

ಚಾಮಯ್ಯ ತಲೆ ಕೆರೆದುಕೊಳ್ಳುತ್ತಾರೆ. ಬೆಂಕಿಕಡ್ಡಿ ಗೀರಿ, ಬಗ್ಗಿ, ಒಣ ಕೊಳವೆಯ ಬಾಯೊಳಗೆ ನೋಡುತ್ತಾರೆ.

"ಹಬ್ಬಕ್ಕೆ ಅಂತ ಮನೆಯೆಲ್ಲ ಧೂಳು ಹೊಡೀತೀರಲ್ಲ ಅಮ್ಮಾವ್ರೆ, ಈ ಜೇಡನ್ನ ಮಾತ್ರ ಗುಡಿಸ್ಬ್ಯಾಡಿ. ಅವ್ನು ಇಲ್ಲಿ ಮನೆ ಮಾಡ್ಕಂಡಿರಗಂಟ ನನ್ ಕೆಲ್ಸ ಸರಿಯಾಗಿ ಅದೆ ಅಂತ ಅರ್ಥ."